ನಮ್ಮಜ್ಜಿಗೆ ಹೀರೋ ಬೇಡ, ಊರು ಬೇಕು!

ವಾರವಾರವೂ ಈ ಪುಟಗಳಲ್ಲಿ ನಾಯಕ-ನಾಯಕಿಯರ ಸುದ್ದಿ ಓದುತ್ತೀರಿ. ಈ ಸಲ ಒಬ್ಬ ಪ್ರೇಕ್ಷಕಿಯ ಕಥೆ ಕೇಳಿ. ಆಕೆ ನನ್ನ ತಾಯಿಯ ತಾಯಿ. ಅರಸೀಕೆರೆ ಸೀಮೆಯ ಹಳ್ಳಿಯವಳು. ಓದು ಬರಹ ಬಾರದು. ಕಳೆದ ವರ್ಷ ತೀರಿಕೊಂಡಳು.

ಸಿನಿಮಾ ನೋಡಿ ಬಂದವರೆಲ್ಲ ಹೀರೋ ಹೇಗಿದ್ದ, ಫೈಟಿಂಗ್ ಹೇಗಿತ್ತು ಅಂತ ಮಾತಾಡಿದರೆ ನಮ್ಮಜ್ಜಿ ಕೇಳುತ್ತಿದ್ದದ್ದೇ ಬೇರೆ: “ಅದು ಯಾವೂರು? ಬಸ್ಸು ಎಲ್ಲಿ ಹತ್ತಬೇಕು?”

1972ರ ಕೊನೆಯಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂತು. ರಾಮಾಚಾರಿಯಾಗಿ ವಿಷ್ಣುವರ್ಧನ್ ಒಂದೇ ಏಟಿಗೆ ಹುಡುಗರ ಎದೆಗೆ ನುಗ್ಗಿದರು. ಅಜ್ಜಿ ಮಾತ್ರ ರಾಮಾಚಾರಿಯನ್ನು ಬಿಟ್ಟು ಜಯಂತಿಯವರ ಓಬವ್ವನನ್ನು ಹಿಡಿದುಕೊಂಡಳು. ಗಂಡ ಊಟಕ್ಕೆ ಕೂತಿದ್ದಾನೆ. ನೀರಿಗೆ ಹೋದ ಹೆಂಗಸು ಕಿಂಡಿಯಲ್ಲಿ ನುಸುಳುವ ಹೈದರಾಲಿಯ ಸೈನಿಕರನ್ನು ಕಂಡು ಒನಕೆ ಎತ್ತುತ್ತಾಳೆ. “ನೀರಿಗೂ ಕಿಂಡಿಗೂ ಎಷ್ಟು ದೂರ? ಒನಕೆ ತರೋಷ್ಟು ಹೊತ್ತು ಸಿಕ್ತಾ?” ಇದು ಅಜ್ಜಿಯ ಅನುಮಾನ! ಹಪ್ಪಳ ಮಾರಿದ ಕಾಸು ಸೆರಗಿಗೆ ಕಟ್ಟಿಕೊಂಡು ಚಿತ್ರದುರ್ಗಕ್ಕೆ ಹೊರಟೇಬಿಟ್ಟಳು. ತಣ್ಣೀರು ದೋಣಿಯಿಂದ ಕಿಂಡಿವರೆಗೆ ಹೆಜ್ಜೆ ಎಣಿಸಿ, ಕಿಂಡಿಯೊಳಗೆ ತಾನೇ ತೂರಿ ನೋಡಿ, “ಸಿಕ್ಕಿರತ್ತೆ. ಇಲ್ಲಿ ಒಬ್ಬೊಬ್ಬರೇ ಬರಬೇಕು” ಅಂತ ತೀರ್ಪು ಕೊಟ್ಟು ವಾಪಸ್ಸಾದಳಂತೆ.

ಅಲ್ಲಿಂದ ಶುರುವಾಯಿತು. ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಟಿ.ವಿ.ಯಲ್ಲಿ ಬಂದಾಗ ಹಿಂದಿ ಒಂದಕ್ಷರ ತಿಳಿಯದಿದ್ದರೂ ಆಗುಂಬೆಗೆ ಹೋಗಿ ಬಂದಳು. 2006ರ ‘ಮುಂಗಾರು ಮಳೆ’ ನೋಡಿ ಬೇಸಿಗೆಯಲ್ಲಿ ಜೋಗಕ್ಕೆ ಹೋದರೆ ನೀರು ನೂಲಿನೆಳೆ! ಶರಾವತಿಯನ್ನು ಲಿಂಗನಮಕ್ಕಿಯಲ್ಲಿ ಕಟ್ಟಿಹಾಕಿ ಕರೆಂಟು ಮಾಡ್ತಾರೆ ಅಂತ ಅಲ್ಲಿನವರಿಂದ ತಿಳಕೊಂಡು ಬಂದು ನಮಗೇ ಪಾಠ ಹೇಳಿದಳು. ಹೊಸ ಐವತ್ತರ ನೋಟಿನ ಹಿಂದೆ ರಥ ಕಂಡು ಹಂಪಿಗೂ ಹೋದಳು. “ಒಂದೇ ಕಲ್ಲು ಅಂತಾರೆ, ಸುಳ್ಳು. ಕೂಡಿಸಿದ್ದು ಕಾಣತ್ತೆ” ಅಂದಳು. ಅವಳು ಹೇಳಿದ್ದು ಸರಿಯೇ.

ನನಗೆ ಇದೆಲ್ಲ ಹಬ್ಬ. ಅಮ್ಮನಿಗೆ ಹಾಗಲ್ಲ. ಅಜ್ಜ ಬೇಗ ತೀರಿಕೊಂಡಿದ್ದ. ಒಬ್ಬಂಟಿ ಹೆಂಗಸು ಊರೂರು ಸುತ್ತುತ್ತಾಳೆ ಅಂತ ಜನ ಆಡಿಕೊಂಡದ್ದನ್ನೆಲ್ಲ ಕೇಳಿಸಿಕೊಂಡವಳು ನನ್ನಮ್ಮ. “ನಂಗೆ ಜ್ವರ ಬಂದ ದಿನ ಅವಳು ದುರ್ಗದಲ್ಲಿ ಹೆಜ್ಜೆ ಎಣಿಸ್ತಿದ್ಳು” ಎಂಬ ಮಾತು ನಮ್ಮ ಮನೆಯಲ್ಲಿ ಎಷ್ಟು ಸಲ ಬಂದಿದೆಯೋ!

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಎಪ್ಪತ್ತು ದಾಟಿದ್ದ ಅಜ್ಜಿ ಆಧಾರ್ ಕಾರ್ಡು ಹಿಡಿದು ಅಮ್ಮನನ್ನೂ ಎಬ್ಬಿಸಿದಳು. ಶಿವಮೊಗ್ಗ, ಸಾಗರ ದಾಟಿ ಜುಲೈ ಮಳೆಯಲ್ಲಿ ಜೋಗ. ತಾಯಿ-ಮಗಳು ಜೊತೆಯಾಗಿ ಹೋದ ಮೊದಲ ಪ್ರಯಾಣ ಅದು. ನೀರು ತುಂಬಿ ಬೀಳುತ್ತಿತ್ತಂತೆ. ಆ ಸದ್ದಿನಲ್ಲೇ ಅಮ್ಮ ಕೇಳಿಬಿಟ್ಟಳು: “ಆವತ್ತು ನನ್ನ ಬಿಟ್ಟು ಯಾಕೆ ಹೋದೆ?” ಅಜ್ಜಿ ನೀರಿನ ಕಡೆಗೇ ನೋಡುತ್ತ ಅಂದಳಂತೆ: “ನೋಡಬೇಕು ಅನ್ನಿಸ್ತು ಕಣೇ, ಹೋದೆ. ಅಡಿಗೆಮನೆ ಬಿಟ್ಟು ನಾನು ಇನ್ನೇನು ನೋಡಿದ್ದೆ?”

ಆ ಉತ್ತರ ಅಮ್ಮನಿಗೆ ಇವತ್ತಿಗೂ ಸಾಕಾಗಿಲ್ಲ. ಅವಳ ನೋವು ಸುಳ್ಳಲ್ಲ. ಆದರೆ ಇತ್ತೀಚೆಗೆ ಟಿ.ವಿ.ಯಲ್ಲಿ ಹಾಡು ಬಂದಾಗ ಅಮ್ಮ ನನ್ನನ್ನು ಕೇಳುತ್ತಾಳೆ: “ಅದು ಯಾವೂರೋ?”

ಮಿತ್ರರೇ, ನೀವು ಈ ಪತ್ರಿಕೆ ಕೊಂಡದ್ದು ಬಸ್ ಸ್ಟ್ಯಾಂಡಿನಲ್ಲಿ ತಾನೆ? ಎದುರಿಗೆ ನಿಂತ ಬಸ್ಸಿನ ಬೋರ್ಡು ಒಮ್ಮೆ ಓದಿ ನೋಡಿ. ನಮ್ಮಜ್ಜಿಗೆ ಅದನ್ನೂ ಯಾರಾದರೂ ಓದಿ ಹೇಳಬೇಕಿತ್ತು.