ನಿಮಗೇಕೆ ಇಷ್ಟ, ಮಿಸ್?

ಬೋಧನಾಭ್ಯಾಸದ ಎರಡನೇ ವಾರ. ಮಲೆನಾಡಿನ ಶಾಲೆಯೊಂದರ ಎಂಟನೇ ತರಗತಿಗೆ ನನ್ನ ಮೆಚ್ಚಿನ ಪುಸ್ತಕವನ್ನು ಪರಿಚಯಿಸಬೇಕಿತ್ತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಆರಿಸಿಕೊಂಡೆ. 1980ರಲ್ಲಿ ಪ್ರಕಟವಾದದ್ದು, ಹಾರುವ ಓತಿಯನ್ನು ಹುಡುಕುವ ಕಥೆ, ಶ್ರೇಷ್ಠ ಕಾದಂಬರಿ ಎಂದೆಲ್ಲ ಪಾಠಯೋಜನೆಯಲ್ಲಿ ಬರೆದುಕೊಂಡದ್ದನ್ನು ಹೇಳಿ ಮುಗಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಅದು ಸರಿ ಮಿಸ್, ನಿಮಗೇಕೆ ಇಷ್ಟ?” ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.

ರಾತ್ರಿ ಪುಸ್ತಕವನ್ನು ಮತ್ತೆ ತೆರೆದೆ. ನನಗೆ ಇಷ್ಟವಾದದ್ದು ಓತಿಗಿಂತ ಹೆಚ್ಚಾಗಿ ಮಂದಣ್ಣ. ಊರವರು ಲೆಕ್ಕಕ್ಕೇ ಇಡದ ಅವನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ನಿಸರ್ಗಶಾಸ್ತ್ರಜ್ಞನನ್ನು ಕಾಣುತ್ತಾರೆ. ಏಳನೇ ತರಗತಿಯಲ್ಲಿ ನನ್ನನ್ನೂ ದಡ್ಡಿಯೆಂದು ಬದಿಗೆ ಕೂರಿಸಿದ್ದರು. ಯಾರಾದರೂ ನನ್ನನ್ನು ಹಾಗೆ ಗುರುತಿಸಲಿ ಎಂದು ಆಗ ಕಾದಿದ್ದೆ.

ಮರುದಿನ ಇದನ್ನೇ ಹೇಳಿದೆ. ತರಗತಿ ಸದ್ದಿಲ್ಲದೆ ಕೇಳಿತು. ಆಮೇಲೆ ಅದೇ ಹುಡುಗ ಎದ್ದುನಿಂತ. ತೋಟದಲ್ಲಿ ಅಡಕೆ ಮರದಿಂದ ಮರಕ್ಕೆ ತೇಲುವ ಓತಿಯನ್ನು, ಅದು ಗಂಟಲಿನ ಹಳದಿ ತೊಗಲನ್ನು ಬಿಚ್ಚಿ ಮಡಚುವುದನ್ನು ಕೈಯಾಡಿಸಿ ವಿವರಿಸಿದ. ಎಲ್ಲರೂ ಅವನತ್ತ ತಿರುಗಿದ್ದರು.

ಪುಸ್ತಕದ ಗುಣಗಳನ್ನು ಪಟ್ಟಿ ಮಾಡಿದಾಗ ಬಾರದ ಮಾತು, ಅದು ನನಗೆ ತಾಗಿದ ಜಾಗವನ್ನು ತೋರಿಸಿದಾಗ ಬಂತು. ಆದರೆ ಹಿಂದಿನ ವಾರವಷ್ಟೇ ಆ ಹುಡುಗನ ಹೆಸರನ್ನು ನಾನು ‘ನಿಧಾನಗತಿಯ ಕಲಿಕಾರ್ಥಿಗಳು’ ಪಟ್ಟಿಯಲ್ಲಿ ಬರೆದಿದ್ದೆ.