ಬುತ್ತಿಯೊಳಗಣ ಗಡಿಯಾರ

ಕಡೂರು ತಾಲ್ಲೂಕಿನ ಸಿಂಗಟಗೆರೆಯಲ್ಲಿ, ಬಯಲುಸೀಮೆಯ ಇತರ ಊರುಗಳಲ್ಲಿರುವಂತೆಯೇ, ಪರಸ್ಥಳಕ್ಕೆ ಹೊರಟವರಿಗೆ ಬುತ್ತಿ ಕಟ್ಟಿಕೊಡುವುದು ಹಿರಿಯರ ವಾಡಿಕೆ. ಹೋದೆಡೆಯಲ್ಲಿ ಉಪ್ಪು ಹೇಗೋ, ನೀರು ಹೇಗೋ. ಬುತ್ತಿಯಿದ್ದರೆ ಮನೆಯ ರುಚಿಯು ಜೊತೆಯಲ್ಲಿಯೇ ಬರುವುದು. ತಂತ್ರಾಂಶದ ಲೋಕದಲ್ಲಿ ಕಂಟೇನರ್ ಎಂಬುದು ಇಂತಹ ಬುತ್ತಿಯೇ ಸರಿ. ಪ್ರೋಗ್ರಾಮಿಗೆ ಬೇಕಾದ ಸಾಮಗ್ರಿಯನ್ನೆಲ್ಲ ಅದರೊಡನೆಯೇ ಕಟ್ಟಿ ಕಳುಹಿಸಿದರೆ, ಎಲ್ಲ ಕಂಪ್ಯೂಟರುಗಳಲ್ಲಿಯೂ ಅದು ಒಂದೇ ರೀತಿ ನಡೆದೀತೆಂಬುದು ಇದರ ಆಶಯ. 2013ರಲ್ಲಿ ಡಾಕರ್ ಎಂಬ ಸಾಧನವು ಹೊರಬಂದ ಮೇಲೆ ಈ ಪದ್ಧತಿಯು ಬಹು ಬೇಗನೆ ಹರಡಿತು.

2020ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಬೆಂಗಳೂರಿನ ಕಚೇರಿಗಳು ಬಾಗಿಲು ಮುಚ್ಚಿದಾಗ, ಅಲ್ಲಿ ದುಡಿಯುತ್ತಿದ್ದ ತರುಣನೊಬ್ಬನು ಸಿಂಗಟಗೆರೆಯ ತನ್ನ ಮನೆಗೆ ಮರಳಿದನು. ಹಣ ಸಂದಾಯದ ರಸೀದಿಗಳನ್ನು ಬರೆಯುವ ಪ್ರೋಗ್ರಾಮನ್ನು ತಿದ್ದುವುದು ಆತನ ಕೆಲಸ. ಹಗಲಿನಲ್ಲಿ ಇಂಟರ್‌ನೆಟ್ಟು ಕುಂಟುತ್ತಿದ್ದುದರಿಂದ ರಾತ್ರಿಯೇ ಆತನ ಹಗಲಾಯಿತು. ಆಗ ಒಂದು ವಿಚಿತ್ರವು ತಲೆದೋರಿತು. ತಿದ್ದುಪಡಿಯಾದೊಡನೆ ತಾನೇ ತಾನಾಗಿ ನಡೆಯುವ ಪರೀಕ್ಷೆಗಳಲ್ಲಿ ಒಂದು, ಕೆಲವು ವೇಳೆ ಸೋಲುತ್ತಿದ್ದಿತು. ಬೆಳಿಗ್ಗೆ ಮತ್ತೆ ಓಡಿಸಿದರೆ ಗೆಲ್ಲುತ್ತಿದ್ದಿತು. “ನಿಮ್ಮ ಹಳ್ಳಿಯ ನೆಟ್ಟಿನ ದೋಷ” ಎಂದರು ಸಂಗಡಿಗರು. ಆತನೂ ಒಪ್ಪಿಕೊಂಡನು. ಗೆಲ್ಲುವವರೆಗೆ ಓಡಿಸುವುದೇ ಅಭ್ಯಾಸವಾಯಿತು.

ಒಂದು ರಾತ್ರಿ ಅದೇ ಪರೀಕ್ಷೆಯು ಮೂರು ಸಲವೂ ಸೋತಿತು. ಬೇಸತ್ತ ಆತನು ಸೋಲಿನ ವರದಿಯನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದನು. ರಸೀದಿಯಲ್ಲಿ ಹಿಂದಿನ ದಿನದ ತಾರೀಖು ಇದ್ದಿತು. ಎಚ್ಚರವಿದ್ದ ಅಜ್ಜಿಯು, “ಯಾರನ್ನೋ ಬಯ್ಯುತ್ತಿದ್ದೀಯಲ್ಲಪ್ಪ?” ಎಂದು ಕೇಳಿದರು.

“ಇದು ಇನ್ನೂ ನಿನ್ನೆ ಎನ್ನುತ್ತಿದೆ, ಅಜ್ಜಿ.”

“ಹೊತ್ತು ಮೂಡುವವರೆಗೂ ನಿನ್ನೆಯೇ ಕಣಪ್ಪ. ಪಂಚಾಂಗದಲ್ಲಿಯೂ ಹಾಗೆಯೇ ಅಲ್ಲವೆ?”

ಆ ಮಾತಿನಿಂದ ಕಣ್ಣು ತೆರೆಯಿತು. ರಸೀದಿ ಬರೆಯುವ ಪ್ರೋಗ್ರಾಮು ಕಂಟೇನರಿನೊಳಗೆ. ಅದನ್ನು ಪರೀಕ್ಷಿಸುವುದು ಹೊರಗಣ ಲ್ಯಾಪ್‌ಟಾಪು. ಬೇರೆ ವಿಧಿಸದಿದ್ದರೆ ಕಂಟೇನರು ಸಾಮಾನ್ಯವಾಗಿ ಗ್ರೀನಿಚ್ಚಿನ ಹೊತ್ತನ್ನೇ ಎಣಿಸುವುದು. ಭಾರತದ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದು. ಆದುದರಿಂದ ನಡುರಾತ್ರಿಯಿಂದ ಬೆಳಗಿನ 5-30ರವರೆಗೆ ಒಳಗೆ ನಿನ್ನೆ, ಹೊರಗೆ ಇಂದು. ಕಚೇರಿಯಲ್ಲಿ ಹಗಲು ಮಾತ್ರ ದುಡಿದವರಿಗೆ ಇದು ಕಾಣದೆ ಹೋಗಿದ್ದಿತು. ಒಂದನೆಯ ತಾರೀಖಿನ ನಸುಕಿನಲ್ಲಿ ಯಾರಾದರೂ ಹಣ ಕಟ್ಟಿದ್ದರೆ, ಅದು ಹಿಂದಿನ ತಿಂಗಳ ಲೆಕ್ಕಕ್ಕೆ ಬೀಳುತ್ತಿದ್ದಿತು. ಪರೀಕ್ಷೆಯು ಚಂಚಲವಾಗಿರಲಿಲ್ಲ, ನಿಜವನ್ನೇ ನುಡಿಯುತ್ತಿದ್ದಿತು.

ಮರುದಿನ ಆತನು ಪ್ರೋಗ್ರಾಮಿನಲ್ಲಿ ಭಾರತದ ಕಾಲವನ್ನು ಸ್ಪಷ್ಟವಾಗಿ ನಮೂದಿಸಿದನು. ಪರೀಕ್ಷೆಯು ಗಡಿಯಾರವನ್ನು ನೋಡುವುದನ್ನು ಬಿಡಿಸಿ, ನಡುರಾತ್ರಿಯ ಹಿಂದಣ ಒಂದು ನಿಮಿಷವನ್ನೂ ಮುಂದಣ ಒಂದು ನಿಮಿಷವನ್ನೂ ತಾನೇ ಗೊತ್ತುಮಾಡಿಕೊಟ್ಟನು. ‘ಎಲ್ಲಕ್ಕಿಂತ ಹೊಸದು’ ಎಂಬ ಚೀಟಿಯ ಮೂಲಸಾಮಗ್ರಿಯನ್ನು ತರಿಸುವುದನ್ನೂ ನಿಲ್ಲಿಸಿದನು. ಚೀಟಿಯು ಅದೇ ಇದ್ದರೂ ಒಳಗಣ ವಸ್ತುವು ಬದಲಾಗಬಹುದಷ್ಟೆ.

ಇಂತಹ ತೊಡಕು ದೊಡ್ಡವರನ್ನೂ ಬಿಟ್ಟಿಲ್ಲ. ತನ್ನ ಪರೀಕ್ಷೆಗಳಲ್ಲಿ ಸುಮಾರು ನೂರಕ್ಕೆ 16ರಷ್ಟು ಒಂದಲ್ಲ ಒಂದು ಮಟ್ಟಿಗೆ ಚಂಚಲವೆಂದು ಗೂಗಲ್ ಸಂಸ್ಥೆಯು 2016ರಲ್ಲಿ ತಿಳಿಸಿದ್ದಿತು. ಅವುಗಳಲ್ಲಿ ಯಾವುದು ಬರಿಯ ಗದ್ದಲ, ಯಾವುದು ಎಚ್ಚರಿಕೆಯೆಂಬುದು ವರದಿಯನ್ನು ಓದಿದವನಿಗೇ ತಿಳಿಯಬೇಕು. ಸೋತ ಪರೀಕ್ಷೆಯನ್ನು ಮತ್ತೊಮ್ಮೆ ಓಡಿಸುವ ಮುನ್ನ, ಅದು ಸೋತ ಹೊತ್ತು ಯಾವುದೆಂದು ಕೇಳುವುದು ಲೇಸು.