ಕಾವೇರಿ ಮನೆಗೆ ಬಂದ ಮೇಲೆ

ಕಾದಂಬರಿಯ ನಾಯಿಕೆಗೆ ಕಾಯಿಲೆ ಬಂದಿತೆಂದರೆ ಆಕೆಯ ಆಯುಷ್ಯ ಮುಗಿಯಿತೆಂದೇ ವಾಚಕರು ತಿಳಿಯುವ ಕಾಲವೊಂದಿತ್ತು. ಮೊದಲ ಪ್ರಕರಣದಲ್ಲಿ ಒಂದು ಕೆಮ್ಮು, ನಡುವಿನಲ್ಲೆಲ್ಲೋ ಕರವಸ್ತ್ರದ ಮೇಲೆ ಒಂದು ಹನಿ ರಕ್ತ, ಕೊನೆಯ ಪ್ರಕರಣದಲ್ಲಿ ಪ್ರಾಣತ್ಯಾಗ. ಫ್ರಾನ್ಸಿನ ಕಿರಿಯ ಡ್ಯೂಮಾ 1848ರಲ್ಲಿ ಬರೆದ ಕಾದಂಬರಿಯ ಮಾರ್ಗರೀಟ್ ಕ್ಷಯದಿಂದ ಕಣ್ಮುಚ್ಚಿದಂದಿನಿಂದ ಎಷ್ಟು ಭಾಷೆಗಳ ಎಷ್ಟು ನಾಯಿಕೆಯರು ಆ ದಾರಿಯನ್ನೇ ಹಿಡಿದರೋ ಎಣಿಸಿದವರಿಲ್ಲ. ಮನಸ್ಸಿನ ಕಾಯಿಲೆಯ ಹೆಂಗಸಿನ ಪಾಡು ಇನ್ನೂ ಕಠಿಣ. 1847ರಲ್ಲಿ ಪ್ರಕಟವಾದ ಷಾರ್ಲಟ್ ಬ್ರಾಂಟೆಯ ‘ಜೇನ್ ಏರ್’ ಕಾದಂಬರಿಯಲ್ಲಿ ಬುದ್ಧಿಭ್ರಮಣೆಯಾದ ಹೆಂಡತಿಯನ್ನು ಮಹಡಿಯ ಮೇಲಿನ ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಅವಳು ಮನೆಗೆ ಬೆಂಕಿಯಿಟ್ಟು ತಾನೂ ಸತ್ತ ಮೇಲೆಯೇ ನಾಯಿಕೆಯ ವಿವಾಹಕ್ಕೆ ದಾರಿಯಾಗುವುದು. ಆ ಹತಭಾಗ್ಯೆಗೂ ಒಂದು ಹೆಸರಿತ್ತು, ಬಾಲ್ಯವಿತ್ತು, ದುಃಖವಿತ್ತು ಎಂದು ಅವಳ ಕಡೆಯಿಂದ ಕಥೆ ಹೇಳಲು 1966ರಲ್ಲಿ ಜೀನ್ ರೈಸ್ ಎಂಬ ಮತ್ತೊಬ್ಬ ಲೇಖಕಿಯೇ ಬರಬೇಕಾಯಿತು.

ಕಾಯಿಲೆಯಿಂದ ಸಾಯುವ ನಾಯಿಕೆ ಬೇರೆ. ಕಾಯಿಲೆಯನ್ನು ಜೊತೆಗಿಟ್ಟುಕೊಂಡು ಬಾಳುವ ನಾಯಿಕೆ ಬೇರೆ. ಮೊದಲನೆಯವಳು ನಮ್ಮಿಂದ ಕಣ್ಣೀರನ್ನು ಬೇಡುತ್ತಾಳೆ. ಎರಡನೆಯವಳು ಮನೆಯಲ್ಲಿ ಒಂದಿಷ್ಟು ಜಾಗವನ್ನು ಬೇಡುತ್ತಾಳೆ. ಕಣ್ಣೀರನ್ನು ಕೊಡುವಷ್ಟು ಸುಲಭವಾಗಿ ಜಾಗವನ್ನು ಕೊಡುವುದು ನಮಗೆ ಬಾರದು.

ಕನ್ನಡದಲ್ಲಿ ಈ ಎರಡನೆಯ ಬಗೆಯ ನಾಯಿಕೆಯ ಮಾತು ಬಂದೊಡನೆ ನೆನಪಾಗುವವರು ತ್ರಿವೇಣಿ. ಅವರ ನಿಜನಾಮಧೇಯ ಅನಸೂಯಾ ಶಂಕರ್. 1928ರಲ್ಲಿ ಹುಟ್ಟಿ ಮೈಸೂರಿನಲ್ಲಿ ಮನಃಶಾಸ್ತ್ರವನ್ನು ಓದಿದ ಈ ಲೇಖಕಿ ಸುಮಾರು ಹತ್ತೇ ವರ್ಷಗಳ ಬರವಣಿಗೆಯಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಕೊಟ್ಟರು. ಮದುವೆ, ಮಕ್ಕಳು, ಅಡಿಗೆಮನೆಗಳ ನಡುವೆಯೇ ಮನಸ್ಸು ಹೇಗೆ ಬಿರುಕು ಬಿಡುತ್ತದೆಂಬುದು ಅವರ ಮೆಚ್ಚಿನ ವಸ್ತು. ‘ಶರಪಂಜರ’ದ ಕಾವೇರಿಯನ್ನು ಅರಿಯದ ಓದುಗರು ವಿರಳ. ಸುಖದಾಂಪತ್ಯದ ಈ ಗೃಹಿಣಿಗೆ ಬಾಣಂತಿತನದಲ್ಲಿ ಚಿತ್ತ ಕದಡುತ್ತದೆ; ಆಸ್ಪತ್ರೆಗೆ ಸೇರಿಸುತ್ತಾರೆ; ಗುಣವಾಗುತ್ತದೆ; ಮನೆಗೆ ಬರುತ್ತಾಳೆ. ನಿಜವಾದ ಕಥೆ ಪ್ರಾರಂಭವಾಗುವುದು ಅಲ್ಲಿಂದ. ಅವಳು ನಕ್ಕರೆ ಸಂಶಯ, ಅತ್ತರೆ ಸಂಶಯ, ಸುಮ್ಮನಿದ್ದರೂ ಸಂಶಯ. ಪತಿಯ ಮನಸ್ಸು ಬೇರೊಬ್ಬಳ ಕಡೆಗೆ ತಿರುಗಿರುವುದು ತಿಳಿದಾಗ ಆಕೆ ಪುನಃ ಕುಸಿಯುತ್ತಾಳೆ. ಮರಳಿ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ. ಆರೋಗ್ಯವಂತನೆನಿಸಿಕೊಂಡ ಗಂಡನ ನಡತೆಗೆ ಊರವರು ಯಾವ ರೋಗದ ಹೆಸರನ್ನೂ ಇಡಲಿಲ್ಲವೆಂಬುದು ಇಲ್ಲಿ ಗಮನಾರ್ಹ.

ಈ ವಸ್ತುವನ್ನು ತ್ರಿವೇಣಿಯವರು ಎತ್ತಿಕೊಂಡ ಕಾಲವೂ ಗಮನಿಸತಕ್ಕದ್ದು. ಮನೋರೋಗಕ್ಕೆ ಕ್ಲೋರ್‌ಪ್ರೊಮಝೀನ್ ಎಂಬ ಗುಳಿಗೆ ಬಳಕೆಗೆ ಬಂದದ್ದು 1952ರಲ್ಲಿ. ಅದಕ್ಕೆ ಮುಂಚೆ ಆಸ್ಪತ್ರೆಯ ಹೆಬ್ಬಾಗಿಲನ್ನು ಹೊಕ್ಕ ಅನೇಕರು ಅಲ್ಲಿಯೇ ಮುದುಕರಾಗುತ್ತಿದ್ದರು. ಔಷಧಗಳು ಬಂದ ಮೇಲೆ ರೋಗಿಗಳು ಮನೆಗೆ ಮರಳುವುದು ಸಾಧ್ಯವಾಯಿತು. ಆದರೆ ಮರಳಿದವರನ್ನು ಬರಮಾಡಿಕೊಳ್ಳುವ ಬಗೆಯನ್ನು ಮನೆಗಳಿಗೆ ಯಾರೂ ಕಲಿಸಿರಲಿಲ್ಲ. ಈ ಕೊರತೆಯ ಮೇಲೆ ತ್ರಿವೇಣಿ ಬೆರಳಿಟ್ಟರು. ಬಾಣಂತಿಯ ಚಿತ್ತಕ್ಷೋಭೆಯನ್ನು ಅಷ್ಟು ಸಹಾನುಭೂತಿಯಿಂದ ಬರೆದ ಅವರು 1963ರಲ್ಲಿ, ತಮ್ಮ ಹೆರಿಗೆಯಾದ ಕೆಲವೇ ದಿನಗಳಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡದ್ದು ಕನ್ನಡಕ್ಕೆ ಒದಗಿದ ದೊಡ್ಡ ನಷ್ಟ. ಆ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದರು, ಕಲ್ಪನಾ ಕಾವೇರಿಯಾದರು.

ಮೈಸೂರಿನ ಮನೆಯೊಂದರಲ್ಲಿ ಬರೆದ ಈ ಕಥೆಯು ನಾಡಿನ ಇನ್ನೊಂದು ತುದಿಯಲ್ಲಿರುವ ನಮ್ಮ ಸೀಮೆಗೆ ಹೇಗೆ ತಲುಪಿತೆಂಬುದನ್ನು ಹೇಳಬೇಕು. ಶಹಾಬಾದದ ಫರಸಿ ಕಲ್ಲು, ವಾಡಿಯ ಸಿಮೆಂಟು, ಸೇಡಂ ತಾಲೂಕಿನ ಮಳಖೇಡದಲ್ಲಿ ರಾಷ್ಟ್ರಕೂಟರ ಪಾಳುಗೋಡೆ, ಚಿತ್ತಾಪುರದ ತೊಗರಿ ಹೊಲ, ಚಿಂಚೋಳಿಯ ಕಾಡು, ಇವು ನಮ್ಮ ಕಡೆಯ ಗುರುತುಗಳು. ‘ಕವಿರಾಜಮಾರ್ಗ’ದ ನೆಲವಾದರೂ ನಿಜಾಮರ ಆಳ್ವಿಕೆಯಲ್ಲಿ ನಮ್ಮ ಹಿರಿಯರಿಗೆ ಶಾಲೆಯಲ್ಲಿ ದಕ್ಕಿದ್ದು ಉರ್ದು. ಹೆಣ್ಣುಮಕ್ಕಳಿಗೆ ಅದೂ ದಕ್ಕಲಿಲ್ಲ. 1948ರಲ್ಲಿ ಹೈದರಾಬಾದ್ ಸಂಸ್ಥಾನದ ವಿಮೋಚನೆಯಾಗಿ, 1956ರಲ್ಲಿ ನಾಡು ಒಂದಾದ ಮೇಲೆ ಕನ್ನಡ ಶಾಲೆಗಳು ಹೆಚ್ಚಿದವು. ವಾರಪತ್ರಿಕೆಗಳ ಕಟ್ಟುಗಳು ರೈಲಿನಲ್ಲಿ ವಾಡಿ ಜಂಕ್ಷನ್ನಿಗೆ ಬಂದಿಳಿಯತೊಡಗಿದವು. ಒಂದು ಸಂಚಿಕೆ ಹತ್ತು ಮನೆ ತಿರುಗುವಷ್ಟರಲ್ಲಿ ಮುಖಪುಟ ಹರಿದಿರುತ್ತಿತ್ತು. ಧಾರಾವಾಹಿಯ ಹಾಳೆಗಳನ್ನು ಬಿಡಿಸಿ, ದಬ್ಬಣದಿಂದ ಹೊಲಿದು ಪುಸ್ತಕ ಮಾಡಿಕೊಳ್ಳುವ ಹೆಂಗಸರೂ ಇದ್ದರು.

ಹಾಗೆ ಹೊಲಿದುಕೊಳ್ಳುತ್ತಿದ್ದವರಲ್ಲಿ ನಮ್ಮ ಪಕ್ಕದ ಮನೆಯ ಕಾಕು ಒಬ್ಬರು. ಅವರ ಯಜಮಾನರು ವಾಡಿಯಲ್ಲಿ ರೈಲ್ವೆ ನೌಕರರು. ತವರು ಚಿಂಚೋಳಿಯ ಕಡೆಯ ಹಳ್ಳಿ. ಅಲ್ಲಿಗೆ ರೈಲಿಲ್ಲ, ಸೇಡಂನಲ್ಲಿಳಿದು ಬಸ್ಸು ಹಿಡಿಯಬೇಕು. ಅರುವತ್ತರ ದಶಕದ ಕೊನೆಯಲ್ಲಿ, ಎರಡನೆಯ ಹೆರಿಗೆಯಾದ ಹತ್ತು ಹನ್ನೆರಡು ದಿನಗಳಲ್ಲಿ, ಅವರಿಗೆ ನಿದ್ರೆ ಹಾರಿಹೋಯಿತು. ಕೂಸು ತನ್ನದಲ್ಲ, ಯಾರೋ ಬದಲಿಸಿದ್ದಾರೆಂದು ಹೇಳತೊಡಗಿದರು. ಹಿರಿಯರು ‘ಬಾಣಂತಿ ಸನ್ನಿ’ ಎಂದರು. ಕೆಲವರು ‘ಗಾಳಿ’ ಎಂದರು. ನಮ್ಮ ಸೀಮೆಯಲ್ಲಿ ಇಂತಹ ಸಂದರ್ಭದಲ್ಲಿ ಮೊದಲು ನೆನಪಾಗುವುದು ಭೀಮಾತೀರದ ಗಾಣಗಾಪುರ. ದತ್ತಾತ್ರೇಯನ ಸನ್ನಿಧಿಯಲ್ಲಿ ಮಂಗಳಾರತಿಯ ಹೊತ್ತಿಗೆ ಪೀಡಿತರು ಕೂಗಿ ಕಂಬವೇರುವುದನ್ನು ಕಂಡವರುಂಟು. ಕಾಕುವನ್ನೂ ಅಲ್ಲಿಗೆ ಕರೆದೊಯ್ದರು. ಆ ದಾರಿಯನ್ನು ನಾನು ಹಳಿಯಲಾರೆ. ತಾಲೂಕಿನಲ್ಲೆಲ್ಲಿಯೂ ಮನೋವೈದ್ಯರಿಲ್ಲದ ದಿನಗಳಲ್ಲಿ ದುಃಖಿತರನ್ನು ಬಾಗಿಲಲ್ಲಿಯೇ ತಡೆಯದೆ ಒಳಗೆ ಬಿಟ್ಟುಕೊಂಡ ಸ್ಥಳ ಅದೊಂದೇ. ಆದರೆ ಕಾಯಿಲೆ ಇಳಿಯಲಿಲ್ಲ. ಕೊನೆಗೆ ರೈಲ್ವೆ ಪಾಸು ನೆರವಾಯಿತು. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರಿನ ಮೇಲೆ ಹೈದರಾಬಾದಿಗೆ 1874ರಿಂದಲೂ ರೈಲುಮಾರ್ಗವಿದೆ. ಅಲ್ಲಿಯ ದವಾಖಾನೆಯಲ್ಲಿ ಮೂರು ತಿಂಗಳಿದ್ದು, ಗುಳಿಗೆಗಳ ಪೊಟ್ಟಣದೊಡನೆ ಕಾಕು ಮನೆಗೆ ಬಂದರು.

ಮನೆಯಲ್ಲಿ ಈಳಿಗೆಮಣೆ ಅಟ್ಟ ಸೇರಿತ್ತು. ಸೀಮೆಎಣ್ಣೆಯ ಡಬ್ಬಿಯನ್ನು ಬೀಗ ಹಾಕಿದ ಕೋಣೆಯಲ್ಲಿಟ್ಟಿದ್ದರು. ಕೂಸು ನಾದಿನಿಯ ಬಗಲಲ್ಲಿ. ಓಣಿಯಲ್ಲಿ ಯಾರದೋ ಕುಬಸವಾದರೆ ಈ ಮನೆಯೊಂದನ್ನು ಬಿಟ್ಟು ಮುಂದಿನ ಮನೆಗೆ ಕರೆ ಹೋಗುತ್ತಿತ್ತು. ‘ಪಾಗಲ್‌ಖಾನೆಯಿಂದ ಬಂದಾಕಿ’ ಎಂಬುದು ಕಾಕುವಿನ ಹೊಸ ಹೆಸರು. ಅವರು ಬಾವಿಗೆ ನೀರಿಗೆ ಹೋದರೆ ಹಿಂದೆ ಒಂದು ಹುಡುಗ. ಬೇಗ ಎದ್ದರೆ ಏಕೆ ಎದ್ದಳೆಂಬ ಪಿಸುಮಾತು. ತಡವಾಗಿ ಎದ್ದರೆ ಮತ್ತೆ ಶುರುವಾಯಿತೆಂಬ ಪಿಸುಮಾತು. ಆ ಗುಳಿಗೆಗಳಿಂದ ಬೆಳಗಿನ ಜೊಂಪು ಹೆಚ್ಚುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ.

‘ಶರಪಂಜರ’ ಚಿತ್ರ ನಮ್ಮ ಕಡೆಗೆ ಬಂದಾಗ ನಾನು ಹೈಸ್ಕೂಲಿನ ವಿದ್ಯಾರ್ಥಿನಿ. ಓಣಿಯ ಹೆಂಗಸರೆಲ್ಲ ಗುಲಬರ್ಗಾಕ್ಕೆ ಹೋಗಿ ನೋಡಿ, ಸೆರಗು ತೋಯುವಷ್ಟು ಅತ್ತು ಬಂದರು. ಎಂಟು ದಿನ ಕಟ್ಟೆಯ ಮೇಲೆ ಕಾವೇರಿಯದೇ ಮಾತು. ಒಂದು ಸಂಜೆ ಆ ಗುಂಪಿನ ನಡುವೆ ಕಾಕು ಬಂದು ಕುಳಿತರು. ಮಾತು ನಿಂತಿತು. ಹತ್ತಿರವಿದ್ದಾಕೆ ತುಸು ಸರಿದು ಕುಳಿತಳು. ಕಾಕು ಮೆಲ್ಲಗೆ ಅಂದರು: “ಸಿನಿಮಾದಾಗಿನ ಹೆಣ್ಮಗಳಿಗಿ ಅಷ್ಟು ಅತ್ರಿ. ನಾ ಬಾಜೂಕ ಕುಂತ್ರ ಸರದು ಕೂಡ್ತೀರಲ್ಲ, ಯಾಕ?”

ಯಾರೂ ಉತ್ತರ ಕೊಡಲಿಲ್ಲ. ಕಾಕುವಿಗೂ ಉತ್ತರ ಬೇಕಾಗಿದ್ದಂತೆ ಕಾಣಲಿಲ್ಲ; ಎದ್ದು ಹೋಗಿ ದೀಪ ಹಚ್ಚಿದರು.

ಕೆಲವು ತಿಂಗಳ ಮೇಲೆ ಪುಸ್ತಕವೇ ಅವರ ಕೈಗೆ ಬಂದಿತು. ಓದಿ ಮುಗಿಸಿ ನನಗೆ ಕೊಡುವಾಗ ಅವರು ಆಡಿದ ವಿಮರ್ಶೆ, ಅನಂತರ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಗಟ್ಟಿಯಾದುದು. “ಬರದಾಕಿ ಖರೇನೇ ಬರದಾಳ, ತಂಗಿ. ಒಂದು ಮಾತೂ ಸುಳ್ಳಿಲ್ಲ. ಆದ್ರ ಆಕಿನ್ನ ಮತ್ತ ದವಾಖಾನಿಗಿ ಯಾಕ ಕಳಿಸ್ಬೇಕಿತ್ತು? ಮನ್ಯಾಗೇ ಇಟ್ಟು ಬರದು ನೋಡ್ಬೇಕಿತ್ತು.”

ಅವರು ಹೀಗೆ ಕೇಳಲು ಕಾರಣವಿತ್ತು. ಕಾವೇರಿಗೆ ಸಿಗದ ಒಬ್ಬ ವ್ಯಕ್ತಿ ಕಾಕುವಿಗೆ ಸಿಕ್ಕಿದ್ದರು. ಅದೂ ನಾವು ಕಾದಂಬರಿಗಳಲ್ಲಿ ನಿರೀಕ್ಷಿಸದ ಕಡೆಯಿಂದ. ಆಕೆ ಅವರ ಅತ್ತೆ. ಅಕ್ಷರ ಬಾರದ ಆ ಮುದುಕಿ ಒಂದು ಸಂತೆಯ ದಿನ, ಮಗಳ ಬಗಲಲ್ಲಿದ್ದ ಕೂಸನ್ನು ತೆಗೆದು ಸೊಸೆಯ ಮಡಿಲಿಗೆ ಹಾಕಿ, ಅಟ್ಟದಿಂದ ಈಳಿಗೆಮಣೆಯನ್ನು ಇಳಿಸಿ ಒಲೆಯ ಬದಿಗಿಟ್ಟು, “ಕೂಸಿನ್ನ ನೋಡ್ಕೋತ ಪಲ್ಯ ಹೆಚ್ಚಿಡು, ನಾ ಸಂತಿ ಮಾಡ್ಕೊಂಡು ಬರ್ತೀನಿ” ಎಂದು ಹೊರಟುಹೋದರಂತೆ. ಮಗಳನ್ನೂ ಜೊತೆಗೆ ಕರೆದೊಯ್ದರಂತೆ. ಹಿಂದಿರುಗಿದ್ದು ಮೂರು ತಾಸಿನ ಮೇಲೆ. ಪಲ್ಯ ಬೆಂದಿತ್ತು; ಕೂಸು ಮಲಗಿತ್ತು. ಆ ವಿಷಯವಾಗಿ ಅತ್ತೆ ಮುಂದೆಂದೂ ಒಂದು ಮಾತನ್ನೂ ಆಡಲಿಲ್ಲ. “ದವಾಖಾನಿಯವರು ಆರಾಮಾಗ್ಯದ ಅಂತ ಚೀಟಿ ಬರ್ದುಕೊಟ್ರು. ಖರೇ ಆರಾಮಾದದ್ದು ಅವತ್ತು” ಎಂದು ಕಾಕು ಹೇಳುತ್ತಿದ್ದರು.

ಆರಾಮ ಎಂದರೆ ರೋಗ ಅಳಿದುಹೋಯಿತೆಂದಲ್ಲ. ನಾಲ್ಕೈದು ವರ್ಷಗಳಿಗೊಮ್ಮೆ ಅದು ಬಾಗಿಲು ತಟ್ಟುತ್ತಿತ್ತು. ನಿದ್ರೆ ಕೆಡುವುದೇ ಅದರ ಮುನ್ಸೂಚನೆ. ಅದನ್ನು ಮನೆಯವರೆಲ್ಲ ಕಲಿತರು. ನಿದ್ರೆ ಕೆಟ್ಟ ಮೂರನೆಯ ದಿನ ಹೈದರಾಬಾದಿನ ಗಾಡಿ ಹತ್ತುತ್ತಿದ್ದರು. ಉಳಿದ ದಿನಗಳಲ್ಲಿ ರಾತ್ರಿ ರೊಟ್ಟಿ ಉಂಡು ಗುಳಿಗೆ ನುಂಗಿ, ಹಾಸಿಗೆಯ ಬಳಿ ಕಾದಂಬರಿ ಇಟ್ಟುಕೊಂಡು ಮಲಗುವ ಗೃಹಿಣಿ ಅವರು. ಮಕ್ಕಳ ಮದುವೆ ಮಾಡಿದರು, ಮೊಮ್ಮಕ್ಕಳನ್ನು ಎತ್ತಿದರು. ಎಪ್ಪತ್ತು ದಾಟಿದ ಮೇಲೆ ಹೃದಯದ ಬೇನೆಯಿಂದ ತೀರಿಕೊಂಡರು. ಮಣ್ಣಿಗೆ ಬಂದವರಲ್ಲೊಬ್ಬರು “ಹುಚ್ಚು ಹಿಡಿದಿದ್ದರೂ ಒಳ್ಳೆಯಾಕಿ” ಎಂದದ್ದು ನನ್ನ ಕಿವಿಗೆ ಬಿತ್ತು. ನಾಲ್ಕು ದಶಕಗಳ ಬಾಳು ಆ ಮೂರು ತಿಂಗಳನ್ನು ಅಳಿಸಿರಲಿಲ್ಲ.

ಹಾಗಾದರೆ ತ್ರಿವೇಣಿಯವರ ಮುಕ್ತಾಯ ತಪ್ಪೆ? ನನಗೆ ಹಾಗೆ ತೋರುವುದಿಲ್ಲ. ಕಾವೇರಿ ಸುಖವಾಗಿ ಬಾಳಿದಳೆಂದು ಬರೆದಿದ್ದರೆ ನಾವು ನೆಮ್ಮದಿಯಿಂದ ಪುಸ್ತಕ ಮುಚ್ಚಿ ಮಲಗುತ್ತಿದ್ದೆವು. ಅಪರಾಧಿಗಳು ಮನೆಯ ಹೊರಗಿನವರಲ್ಲ, ಓದುತ್ತಿರುವ ನಾವೇ ಎಂದು ತಿಳಿಸಲು ಅವರಿಗೆ ಆ ಮುಕ್ತಾಯ ಬೇಕಾಗಿತ್ತು. ಅಮೆರಿಕದ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ಸಣ್ಣಕಥೆಯಲ್ಲಿಯೂ ಬಾಣಂತಿಯೊಬ್ಬಳನ್ನು ವಿಶ್ರಾಂತಿಯ ಹೆಸರಿನಲ್ಲಿ ಕೋಣೆಯಲ್ಲಿರಿಸಿ, ಬರೆಯಲೂ ಬಿಡದೆ, ಇನ್ನಷ್ಟು ಕೆಡಿಸುತ್ತಾರೆ. ಎಚ್ಚರಿಕೆಯ ಕಥೆಗಳ ಧರ್ಮವೇ ಅಂಥದು. ಆದರೆ ಎಚ್ಚರಿಕೆಯೊಂದರಿಂದಲೇ ಕಾಕುವಿನಂಥವರಿಗೆ ಹೊಟ್ಟೆ ತುಂಬುವುದಿಲ್ಲ. ತಮ್ಮಂಥವಳೊಬ್ಬಳು ನಾಳೆ ಬೆಳಿಗ್ಗೆ ಹೇಗೆ ಏಳುತ್ತಾಳೆ, ಏನು ಅಡಿಗೆ ಮಾಡುತ್ತಾಳೆ, ಕೆಟ್ಟ ದಿನವನ್ನು ಹೇಗೆ ದಾಟುತ್ತಾಳೆ ಎಂಬುದನ್ನೂ ಅವರು ಪುಸ್ತಕದಲ್ಲಿ ಕಾಣಬಯಸುತ್ತಾರೆ.

ಈಗ ಕಾಲ ಬದಲಾಗಿದೆ. ಸಾವಿರ ಹೆರಿಗೆಗಳಲ್ಲಿ ಒಂದೆರಡು ತಾಯಂದಿರಿಗೆ ಈ ತೀವ್ರ ಚಿತ್ತಕ್ಷೋಭೆ ಬರುತ್ತದೆ, ಬೇಗ ಚಿಕಿತ್ಸೆಯಾದರೆ ಬಹುಪಾಲು ಮಂದಿ ಗುಣವಾಗುತ್ತಾರೆ ಎಂಬುದು ವೈದ್ಯರೆಲ್ಲ ಬಲ್ಲ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಉಪಚರಿಸುವ ವಿಭಾಗವಿದೆ. ನಮ್ಮ ನೆರೆಯ ಬಳ್ಳಾರಿಯಲ್ಲಿ ಅದೇ ಸಂಸ್ಥೆ 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗದ ಚಿಕಿತ್ಸೆ ಕಲಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. 2014ರಲ್ಲಿ ರಾಜ್ಯವು ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರನ್ನು ತಾಲೂಕು ಆಸ್ಪತ್ರೆಗೆ ಕಳಿಸುವ ಏರ್ಪಾಡು ಮಾಡಿತು. 2022ರಿಂದ 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು. 1912ರ ಕಾಯಿದೆ ‘ಹುಚ್ಚರು’ ಎಂದು ಕರೆದವರನ್ನು 2017ರ ಕಾಯಿದೆ ಹಕ್ಕುಳ್ಳ ನಾಗರಿಕರೆಂದು ಕರೆಯುತ್ತದೆ. ಸಮಾಜದಲ್ಲಿ ಬಾಳುವುದು ಅವರ ಹಕ್ಕೆಂದು ಅದು ಸ್ಪಷ್ಟವಾಗಿ ಹೇಳಿದೆ.

ಗುಳಿಗೆಯನ್ನು ಆಸ್ಪತ್ರೆ ಕೊಡುತ್ತದೆ, ಹಕ್ಕನ್ನು ಕಾಯಿದೆ ಕೊಡುತ್ತದೆ. ಈಳಿಗೆಮಣೆಯನ್ನು ಅಟ್ಟದಿಂದ ಇಳಿಸಿಕೊಡಬೇಕಾದವರು ಮಾತ್ರ ಮನೆಯವರು. ಆ ಸಂತೆಯ ದಿನದ ಮೂರು ತಾಸುಗಳಲ್ಲಿ ಒಂದು ಇಡೀ ಕಾದಂಬರಿಯಿದೆ. ಅಲ್ಲಿ ಮರಣವಿಲ್ಲ, ಬೆಂಕಿಯಿಲ್ಲ, ಆಸ್ಪತ್ರೆಯ ಹೆಬ್ಬಾಗಿಲಿಲ್ಲ. ತೊಟ್ಟಿಲ ಬಳಿ ಕುಳಿತು ಪಲ್ಯ ಹೆಚ್ಚುವ ಒಬ್ಬ ಹೆಂಗಸಿದ್ದಾಳೆ. ನಮ್ಮ ತರುಣ ಲೇಖಕಿಯರಲ್ಲಿ ಯಾರಾದರೂ ಅದನ್ನು ಬರೆದಾರೆಂದು ನಾನು ಕಾದಿದ್ದೇನೆ.